ಅವ್ವನ ಕಣ್ಣಿಗೆ ಹಚ್ಚಿದ ಕಾಡಿಗೆ

ಔಡಲೆಣ್ಣೆಯ ದೀಪದ ಮೇಲೆ ತಾಟು ಕವುಚಿ ಯಾರಾದರೂ ಕಾಡಿಗೆ ಹಿಡಿಯುತ್ತಿದ್ದರೆ ನನಗೆ ಆ ಮನೆಯಲ್ಲಿ ಕೂಡ್ರಲು ಆಗುವುದಿಲ್ಲ. ನಿಮಗೂ ಹೀಗೆ ತಾಳಲಾಗದ ಒಂದು ವಾಸನೆ ಇರಬಹುದು. ಮೊನ್ನೆ ನೆರೆಮನೆಯ ಬಾಣಂತಿಯ ಕೋಣೆಯಿಂದ ಅದು ಬಂತು. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅವ್ವ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ.

ದಾಂಡೇಲಿಯಲ್ಲಿ ಆಗ ಕಾಗದದ ಗಿರಣಿ ಹೊಸದು. ನಾವು ತಗಡಿನ ಚಾಳಿನಲ್ಲಿದ್ದೆವು. ಅಪ್ಪ ಸತ್ತ ಮೇಲೆ ಅವ್ವ ಒಬ್ಬ ಗುತ್ತಿಗೆದಾರನ ಕೈಕೆಳಗೆ ಬಿದಿರು ಹೊರುತ್ತಿದ್ದಳು. ನನಗೆ ಒಂಬತ್ತು ವರ್ಷ. ಆ ಬೇಸಿಗೆಯಲ್ಲಿ ಇಡೀ ಚಾಳಿಗೆ ಕಣ್ಣು ಬಂದವು. ಬೆಳಿಗ್ಗೆ ಅಂಟಿಕೊಂಡ ನನ್ನ ರೆಪ್ಪೆಗಳನ್ನು ಅವ್ವ ಬೆಚ್ಚಗಿನ ನೀರಿನಲ್ಲಿ ಸೆರಗು ಅದ್ದಿ ಬಿಡಿಸುತ್ತಿದ್ದಳು. ಅದೇ ಸೆರಗಿನಿಂದ ತನ್ನ ಮುಖವನ್ನೂ ಒರೆಸಿಕೊಳ್ಳುತ್ತಿದ್ದಳು. ದವಾಖಾನೆಯ ಹಳದಿ ಮುಲಾಮು ನನ್ನ ಕಣ್ಣಿಗೇ ಮುಗಿಯಿತು. ನನ್ನವು ತಿಳಿಯಾದವು, ಅವಳವು ಕೆಂಪಾದವು.

ಕಣ್ಣು ಕೆಂಪಗಿದ್ದವರನ್ನು ಆಳುಗಳ ಮೇಲ್ವಿಚಾರಕ ಮುಕಾದಮ ಕೆಲಸಕ್ಕೆ ಸೇರಿಸದೆ ತಿರುಗಿ ಕಳಿಸುತ್ತಿದ್ದ. ಅದಕ್ಕೇ ಹೆಂಗಸರು ದಪ್ಪಗೆ ಕಾಡಿಗೆ ಎಳೆದುಕೊಂಡು, ತಲೆ ತಗ್ಗಿಸಿ ಅವನ ಮುಂದೆ ಹಾಯುತ್ತಿದ್ದರು. ಅಪ್ಪ ಹೋದಾಗಿನಿಂದ ಕಾಡಿಗೆ ಮುಟ್ಟದ ಅವ್ವನೂ ಹಚ್ಚಿಕೊಂಡಳು.

"ಯಾರ ಮದವಿಗೆ ಹೊಂಟೀಯ ಗಂಗವ್ವಾ?" ಪಕ್ಕದ ಮನೆಯ ಕಾಶವ್ವ ಚುಚ್ಚಿದಳು.

"ಬಿದಿರಿನ ಮದವಿಗವಾ. ನೀನೂ ಬಾ, ಉಂಡು ಬರೂಣು."

ನೀರಾಡುವ ಕಣ್ಣಿಗೆ ಕನ್ನಡಿ ಕಾಣುತ್ತಿರಲಿಲ್ಲ. ಹಾಗಾಗಿ ದಿನವೂ ನಾನೇ ಹಚ್ಚುತ್ತಿದ್ದೆ. ಅವಳಿಗೂ ಮುಲಾಮು ಬೇಡಲು ಹೋದಾಗ ಕಂಪೌಂಡರ್ ಹೇಳಿದ, "ನಿಮ್ಮವ್ವನ್ನ ಕರಕೊಂಡು ಬಾ. ಕಾಡಿಗಿ ಹಚ್ಚಿದರ ಕಣ್ಣು ಹುಣ್ಣಾಗ್ತೈತಿ, ಹೇಳು."

ಹೇಳಿದೆ. "ಮುಕಾದಮನ ಮುಂದ ಅಂವ ಬಂದು ನಿಂದರತಾನೇನು? ಹಚ್ಚವಾ, ಲಗೂನ" ಎಂದಳು. ಹಚ್ಚಿದೆ. ಬೆರಳ ಕೆಳಗೆ ರೆಪ್ಪೆ ಬಿಸಿಯಾಗಿ ಅದುರುತ್ತಿತ್ತು. ನೋಯುತ್ತದೆಯೇ ಎಂದು ಕೇಳಲಿಲ್ಲ, ಕೇಳಿದರೆ ನಿಲ್ಲಿಸಬೇಕಾಗುತ್ತಿತ್ತು.

ಅವಳು ದವಾಖಾನೆಗೆ ಹೋಗುವಷ್ಟರಲ್ಲಿ ಬಲಗಣ್ಣಿನಲ್ಲಿ ಹುಣ್ಣಾಗಿತ್ತು. ಅದು ಮಾಗಿ ಬಿಳಿಯ ಹೂ ಬಿದ್ದು, ಆ ಕಣ್ಣಿನ ದೃಷ್ಟಿ ಹೋಯಿತು. ಅಂದಿನಿಂದ ನಾನು ಅವಳ ಎಡಕ್ಕೇ ಕೂಡ್ರುತ್ತಿದ್ದೆ. ಯಾರು ಕೇಳಿದರೂ, "ಬಿದಿರಿನ ಸಿಬಿರು ಚುಚ್ಚಿತ್ರಿ" ಎನ್ನುತ್ತಿದ್ದಳು. ನಾವಿಬ್ಬರೇ ಇದ್ದಾಗಲೂ ಬೇರೆ ಮಾತು ಹೇಳಲಿಲ್ಲ.

ಮೊನ್ನೆ ಅವ್ವ ತೀರಿದ್ದಕ್ಕೆ ಮಾತಾಡಿಸಲು ಬಂದವರಿಗೆ ನನ್ನ ಮಗಳು ಅಜ್ಜಿಯ ಕಣ್ಣಿಗೆ ಸಿಬಿರು ಚುಚ್ಚಿದ ಕತೆ ಹೇಳುತ್ತಿದ್ದಳು. ತಿದ್ದಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನತ್ತ ನೋಡಿದರು.

"ಹೌದ್ರಿ," ಎಂದೆ, "ದೊಡ್ಡ ಸಿಬಿರು."