ಅಮಾವಾಸ್ಯೆಯ ಸಂಜೆ ಮುಚ್ಚಿದ ಲ್ಯಾಪ್‌ಟಾಪ್

ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದೆ ನನ್ನದೊಂದು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ. ಅಮಾವಾಸ್ಯೆ ಬಂತೆಂದರೆ ಸಂಜೆ ಐದಕ್ಕೆ ಪೂಜೆ ಆಗಲೇಬೇಕು. ಹಳೆಯ ಕಂಪ್ಯೂಟರ್ ಇದ್ದಾಗ ಅದರ ತಲೆಗೆ ಮೂರೆಳೆ ವಿಭೂತಿ ಎಳೆದು ಹೂವಿಟ್ಟರೆ ಮುಗಿಯಿತು, ಕೆಲಸ ಅದರ ಪಾಡಿಗೆ ನಡೆಯುತ್ತಿತ್ತು. ಅದು ಕೆಟ್ಟ ಮೇಲೆ ಲ್ಯಾಪ್‌ಟಾಪ್ ತಂದೆ.

ಲ್ಯಾಪ್‌ಟಾಪ್ ಬಂದ ಮೇಲಿನ ಮೊದಲ ಅಮಾವಾಸ್ಯೆ. ಸೂಳೆಕೆರೆ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದಳು. ಅಂದೇ ಕೊನೆಯ ದಿನ, ಐದೂವರೆಗೆ ಗಡುವು. ಮುಂದಿನ ಸಲಕ್ಕೆ ಆಕೆಯ ವಯಸ್ಸು ಮೀರುತ್ತಿತ್ತು. ಅರ್ಜಿ ತುಂಬಿ ಕಾಗದಪತ್ರಗಳನ್ನು ಅಪ್‌ಲೋಡಿಗೆ ಹಾಕಿದೆ. ಪರದೆಯ ಮೇಲೆ ಚಕ್ರ ನಿಧಾನಕ್ಕೆ ಸುತ್ತತೊಡಗಿತು. ಐದಾಯಿತು. ನಾನು ಕಾಯಿ, ಊದುಬತ್ತಿ ತೆಗೆದೆ.

"ಅಣ್ಣಾ, ಇದೊಂದು ಮುಗಿಸಿ ಪೂಜೆ ಮಾಡಾಕೆ ಆಗಲ್ವೇನ್ರಿ?" ಎಂದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಿನ್ನ ಅರ್ಜಿ ಅದರಷ್ಟಕ್ಕೆ ಹೊಂಟೈತಮ್ಮ. ಅಮಾಸಿ ಪೂಜೆಗೆ ಅಡ್ಡ ಮಾತಾಡಬ್ಯಾಡ" ಎಂದು ಗದರಿದೆ.

ವಿಭೂತಿ ಕೀಲಿಗಳ ಸಂದಿಗೆ ಉದುರೀತೆಂದು ಲ್ಯಾಪ್‌ಟಾಪ್ ಮುಚ್ಚಿ, ಮೇಲೆ ಮೂರೆಳೆ ಎಳೆದೆ. ನಾನು ಕೊಟ್ಟ ಹೂವನ್ನು ಆಕೆಯೂ ಅದರ ಮೇಲಿಟ್ಟು ಕೈಮುಗಿದಳು. ಮಂಗಳಾರತಿ, ಕಾಯಿ ಒಡೆಯುವುದು, ಪಕ್ಕದ ಅಂಗಡಿಗಳಿಗೆ ಚೂರು ಹಂಚುವುದು ಎಲ್ಲ ಸೇರಿ ಕಾಲು ಗಂಟೆಯಾಯಿತು. ತೆರೆದರೆ ಪರದೆ ಕಪ್ಪು. ಗುಂಡಿ ಒತ್ತಿ ಎಬ್ಬಿಸಿದೆ. ಮುಚ್ಚಿದ ಗಳಿಗೆಯಲ್ಲೇ ಅದು ನಿದ್ದೆ ಹೋಗಿತ್ತು, ಅರ್ಜಿಯೂ ಅಲ್ಲೇ ನಿಂತಿತ್ತು. ಮತ್ತೆ ಮೊದಲಿಂದ ತುಂಬುವಷ್ಟರಲ್ಲಿ ಐದೂವರೆ ದಾಟಿತು.

"ಏನಾತ್ರಿ?"

"ಸರ್ವರ್ ಡೌನಮ್ಮ" ಎಂದೆ. ನಮ್ಮ ಕಸುಬಿನಲ್ಲಿ ಈ ಸುಳ್ಳು ನಾಲಿಗೆಗೆ ತಾನಾಗಿ ಬರುತ್ತದೆ. "ಅದಕ್ಕೆ ನೀವೇನು ಮಾಡಾಕಾಗುತ್ತೆ ಬಿಡ್ರಿ" ಎಂದು ನನಗೇ ಸಮಾಧಾನ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು.

ಆಮೇಲೆ ಸೆಟ್ಟಿಂಗ್ಸ್ ತೆರೆದು ಹುಡುಕಿದೆ. ಮುಚ್ಚಿದಾಗ ಏನು ಮಾಡಬೇಕು ಎಂಬಲ್ಲಿ ನಿದ್ದೆ ಎಂದಿತ್ತು. ಅದನ್ನು ತೆಗೆದು, ಏನೂ ಮಾಡಬೇಡ ಎಂದು ಬದಲಿಸಿದೆ. ಇಷ್ಟು ಹೊತ್ತು ಸುಮ್ಮನಿದ್ದರೆ ತಾನಾಗಿ ಮಲಗು ಎಂದಿದ್ದನ್ನೂ ತೆಗೆದೆ. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ತಂದ ದಿನವೇ ಮಾಡಬಹುದಿತ್ತು.

ಮೊನ್ನೆಯ ಅಮಾವಾಸ್ಯೆಗೆ ಆಕೆ ಮತ್ತೆ ಬಂದಳು, ಮಗಳ ವಿದ್ಯಾರ್ಥಿವೇತನದ ಅರ್ಜಿ ಹಿಡಿದು. ಚಕ್ರ ಸುತ್ತುತ್ತಿರುವಾಗಲೇ ಐದಾಯಿತು. "ಪೂಜೆ ಆಮೇಲೆ ಮಾಡ್ತೀನಮ್ಮ, ಮೊದ್ಲು ನಿಂದು ಮುಗೀಲಿ" ಎಂದೆ.

ಆಕೆ ಗಾಬರಿಯಾದಳು. "ಬ್ಯಾಡ್ರಿ ಅಣ್ಣಾ, ಪೂಜೆ ಮಾಡಿಬಿಡ್ರಿ. ಅವತ್ತು ನಾನು ಅಡ್ಡ ಮಾತಾಡಿದ್ದಕ್ಕೇ ಕೆಲಸ ಕೈತಪ್ಪಿದ್ದು. ಮನ್ಯಾಗೂ ಎಲ್ರೂ ನನಗೆ ಅದನ್ನೇ ಅಂತಾರೆ."

"ಅದು ಹಂಗಲ್ಲಮ್ಮ" ಎಂದೆ. ತಪ್ಪು ನನ್ನದೆಂದು ಹೇಳಬೇಕಿತ್ತು. ನಾಚಿಕೆಯಾಯಿತು, ಆದರೂ ಹೇಳಲಿಲ್ಲ. ಊದುಬತ್ತಿ ಹಚ್ಚಿದೆ. ಆಕೆ ಲ್ಯಾಪ್‌ಟಾಪಿನ ಮುಂದೆ ಕಣ್ಣುಮುಚ್ಚಿ ನಿಂತು, ತಪ್ಪಾಯಿತೆಂದು ಎರಡೂ ಕೆನ್ನೆ ಬಡಿದುಕೊಂಡಳು. ನಾನು ಆರತಿ ತಟ್ಟೆ ಹಿಡಿದು ನೋಡುತ್ತ ನಿಂತಿದ್ದೆ.