ಹೆಸರಿಲ್ಲದೆ ಬಂದ ಕರೆಂಟು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಮೂಡುಬಿದಿರೆ ಬಳಿಯ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕಂಬ ಹೊರುವ ಕೆಲಸಕ್ಕೆ ಸೇರಿ, ಕೊನೆಗೆ ಸ್ವಿಚ್ಚಿನ ಮುಂದೆ ಕುಳಿತವನು. ಈಗ ಇದನ್ನು ಬರೆಯಲು ಕಾರಣ ಮೊಮ್ಮಗಳು ಶ್ರಾವ್ಯ. ಅವಳು ಸೇನೆಯಲ್ಲಿ ಕಾನೂನು ಅಧಿಕಾರಿ! ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿಬಿಟ್ಟಿದ್ದೇನೆ.

ನಮ್ಮಲ್ಲಿ ‘ಲೈನ್ ಕ್ಲಿಯರ್’ ಎಂಬ ಪುಸ್ತಕ ಉಂಟು. ಒಬ್ಬ ಕಂಬ ಹತ್ತುವಾಗ ಕರೆಂಟು ತೆಗೆದವನು ಅದರಲ್ಲಿ ಹೆಸರು ಬರೆಯಬೇಕು. ಆಮೇಲೆ ಕರೆಂಟು ಮತ್ತೆ ಕೊಟ್ಟವನೂ ಬರೆಯಬೇಕು. ಸ್ವಿಚ್ಚಿಗೆ ‘ಜನ ಕೆಲಸದಲ್ಲಿದ್ದಾರೆ’ ಎಂಬ ಬೋರ್ಡು ನೇತುಹಾಕಬೇಕು.

ಆ ವರ್ಷ, ಶತ್ರುದೇಶದವರು ಕಂಪ್ಯೂಟರ್ ಮೂಲಕವೇ ನಮ್ಮ ಕರೆಂಟು ಕೆಡಿಸಬಹುದು, ಅದು ಸೈಬರ್ ಯುದ್ಧ ಎಂದು ಹೇಳಿ, ಹೊಸ ಯಂತ್ರವೊಂದನ್ನು ಕೂರಿಸಿದ್ದರು. ದಾಳಿ ಎಂದು ಕಂಡರೆ ಅದು ಯಾರನ್ನೂ ಕೇಳದೆ ತಾನೇ ತೀರ್ಮಾನಿಸಿ ಸ್ವಿಚ್ಚು ಆಡಿಸುತ್ತಿತ್ತು.

ಒಂದು ಮಧ್ಯಾಹ್ನ ಲೈನ್‌ಮ್ಯಾನ್ ಸಂಜೀವನಿಗಾಗಿ ಕರೆಂಟು ತೆಗೆದು, ಹೆಸರು ಬರೆದು, ಬೋರ್ಡು ಹಾಕಿದೆ. ಸ್ವಲ್ಪ ಹೊತ್ತಿಗೆ ‘ಟಕ್’ ಎಂದಿತು. ಹಸಿರು ದೀಪ ಆರಿ ಕೆಂಪು ಹತ್ತಿತು. ನಮ್ಮಲ್ಲಿ ಹಸಿರು ಎಂದರೆ ಲೈನಿನಲ್ಲಿ ಕರೆಂಟು ಇಲ್ಲ, ಕೆಂಪು ಎಂದರೆ ಉಂಟು. ಕೋಣೆಯಲ್ಲಿ ನನ್ನ ಹೊರತು ಯಾರೂ ಇಲ್ಲ. ಬೋರ್ಡು ಮಾತ್ರ ಮೆಲ್ಲಗೆ ತೂಗುತ್ತಿತ್ತು.

ಓಡಿ ಹೋಗಿ ಆಫ್ ಮಾಡಿದೆ. ಟಕ್! ಮತ್ತೆ ಕೆಂಪು. ಇನ್ನೊಮ್ಮೆ ಆಫ್, ಇನ್ನೊಮ್ಮೆ ಕೆಂಪು. ಮೂರನೆಯ ಸಲ ಆಫ್ ಮಾಡಿದ ಕೈಯಲ್ಲೇ ಸ್ವಿಚ್ಚನ್ನು ನಡೆಸುವ ಫ್ಯೂಸ್ ಕಿತ್ತೆ. ಹಸಿರು ನಿಂತಿತು.

ಸಂಜೀವನಿಗೆ ಫೋನು ಮಾಡಿದೆ. ಅದು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಎತ್ತಿದ.

“ಎಂತ ಮಾರಾಯ್ರೆ, ಎಲೆ ಅಡಿಕೆ ಹಾಕ್ಲಿಕ್ಕೂ ಬಿಡುದಿಲ್ವಾ? ಇನ್ನೂ ಕಂಬ ಹತ್ತಲೇ ಇಲ್ಲ.”

“ಹತ್ತಬೇಡ ಮಾರಾಯ, ಅಲ್ಲೇ ಇರು” ಎಂದೆ.

ಆಮೇಲೆ ತಿಳಿದದ್ದು ಇಷ್ಟು: ಕರೆಂಟು ತೆಗೆದ ನನ್ನ ಕೈಯನ್ನೇ ಯಂತ್ರ ಶತ್ರು ಎಂದು ತೀರ್ಮಾನಿಸಿ, ಪ್ರತಿ ಸಲವೂ ಕರೆಂಟನ್ನು ತಾನೇ ಮತ್ತೆ ಕೊಟ್ಟಿತ್ತು.

ಪುಸ್ತಕದಲ್ಲಿ ಕರೆಂಟು ಕೊಟ್ಟವರ ಹೆಸರಿನ ಜಾಗ ಖಾಲಿ. ನೋಡಲು ಬಂದ ಎಂಜಿನಿಯರು, “ಕಂಪ್ಯೂಟರ್ ಅಂತ ಬರೀರಿ” ಎಂದರು.

“ಸಂಜೀವ ಸತ್ತಿದ್ರೆ ಕೋರ್ಟಿಗೆ ಅದನ್ನು ಹೊತ್ತುಕೊಂಡು ಹೋಗುವುದಾ ಸಾರ್?” ಎಂದೆ. ಆ ಜಾಗ ಹಾಗೆಯೇ ಖಾಲಿ ಉಳಿಯಿತು.

ಕಳೆದ ತಿಂಗಳು ರಜೆಗೆ ಬಂದ ಶ್ರಾವ್ಯ ಹೇಳಿದಳು: “ಅಜ್ಜ, ಸೈಬರ್ ಯುದ್ಧದಲ್ಲಿ ಯಂತ್ರ ತಾನೇ ತಿರುಗಿ ಹೊಡೆದು ಯಾವುದೋ ಆಸ್ಪತ್ರೆಯ ಕರೆಂಟು ಹೋದ್ರೆ ತಪ್ಪು ಯಾರದ್ದು ಅಂತ ನಮ್ಮಲ್ಲಿ ಚರ್ಚೆ ಆಯ್ತು. ನಾನು ನಿಮ್ಮ ಖಾಲಿ ಜಾಗದ ಕತೆ ಹೇಳಿದೆ. ಅಂಥ ಯಂತ್ರ ಶುರು ಮಾಡುವ ಮೊದಲೇ ಅದರ ಹೊಣೆ ಹೊರುವ ಒಬ್ಬ ಅಧಿಕಾರಿಯ ಹೆಸರು ಬರೀಬೇಕು ಅಂದೆ.”

“ದೊಡ್ಡವರು ಎಂತ ಹೇಳಿದ್ರು?”

“ಬರ್ಕೊಂಡ್ರು ಅಜ್ಜ.”

ಅಷ್ಟೇ ಸಾಕು ನನಗೆ. ನನ್ನ ಕೆಲಸ ಕಲಿಸಿದ್ದೂ ಅದೇ: ಅವಘಡ ಆದ ಮೇಲೆ ಹೆಸರು ಹುಡುಕಿದರೆ ಸಿಗುವುದಿಲ್ಲ. ಈಗಲೂ ಮನೆಯಲ್ಲಿ ಹೋದ ಕರೆಂಟು ಬಂದಾಗ ಎಲ್ಲರೂ ಫ್ಯಾನಿನ ಕೆಳಗೆ ಓಡುತ್ತಾರೆ. ನಾನು ಮಾತ್ರ, ಕೊಟ್ಟದ್ದು ಯಾರು ಎಂದು ಕೇಳುತ್ತೇನೆ.