ಟ್ರ್ಯಾಕ್ಟರ್‌ಗೆ ಕಟ್ಟಿದ್ದ ಎತ್ತಿನ ಹಗ್ಗ

“ಏನ್ ಬಿಚ್ಚಾಕತ್ತೀಯಬೇ? ಕೊಟ್ಟ ಮ್ಯಾಲ ಅದರಾಗಿನ ಒಂದು ಬೋಲ್ಟೂ ನಿಮ್ಮದಲ್ಲ,” ಎಂದು ಅಣ್ಣ ಸೀಟಿನ ಮೇಲಿಂದಲೇ ಗದರಿದ.

ಅದು ಎಂಬತ್ತರ ದಶಕದ ಮಾತು. ಹಂಪಸಾಗರದ ಒಂದು ಮನೆಯ ಅಂಗಳದಲ್ಲಿದ್ದೆವು. ನಮ್ಮ ಹಳೆಯ ಟ್ರ್ಯಾಕ್ಟರ್‌ಗೆ ಎರೆ ಮಣ್ಣಿನ ಹೊಲ ಉಳುವ ಶಕ್ತಿ ಉಳಿದಿರಲಿಲ್ಲ. ಅದನ್ನು ಮಾರಿ, ಇನ್ನೂ ಜೋರಿನ ಈ ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡಿದ್ದೆವು. ಹೊರಡುವಾಗ ಆ ಮನೆಯ ಅಜ್ಜಿ ಅದರ ಮುಂದೆ ಕುಳಿತು ಏನನ್ನೋ ಬಿಚ್ಚುತ್ತಿದ್ದಳು.

ಗದರಿಕೆಗೆ ಕೈ ಹಿಂತೆಗೆದು ಎದ್ದಳು. “ಎತ್ತಿನ ಹಗ್ಗಪ್ಪ. ಎತ್ತು ಮಾರಿ ಇದನ್ನ ತಂದಾಗ ಕಟ್ಟಿದ್ವಿ. ಎತ್ತು ಕೊಟ್ರೂ ಹಗ್ಗ ಕೊಡಬಾರದು, ಕೊಟ್ಟಿಗಿ ಬರಿದಾಕೈತಿ ಅಂತಾರ. ಬ್ಯಾಡಂದ್ರ ಬಿಡ್ತೀನಿ,” ಎಂದಳು. ಪಕ್ಕದಲ್ಲಿದ್ದ ಆಕೆಯ ಮಗ ನೆಲ ನೋಡುತ್ತಿದ್ದ.

ಅಣ್ಣ ಕೆಳಗಿಳಿದ. ಗಂಟು ಬಿಗಿದು ಕೂತಿತ್ತು. ಹಲ್ಲಿನಿಂದ ಸಡಿಲಿಸಿ ಬಿಚ್ಚಿ, ಎರಡೂ ಕೈಯಿಂದ ಹಗ್ಗ ಕೊಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತಂಬಿಗೆ ತಂದು ಗಾಲಿಗಳಿಗೆ ನೀರು ಹಾಕಿ, “ಹುಷಾರಿಲೆ ಹೋಗ್ರಿ,” ಅಂದಳು.

ಅವತ್ತು ಬೆಳಿಗ್ಗೆ ನಮ್ಮ ಹಳೆಯ ಟ್ರ್ಯಾಕ್ಟರ್ ಅಂಗಳ ದಾಟುವ ಮುನ್ನ ಅದಕ್ಕೆ ಕಟ್ಟಿದ್ದ ನಮ್ಮ ಎತ್ತಿನ ಹಗ್ಗವನ್ನು ಅಣ್ಣನೇ ಬಿಚ್ಚಿಕೊಂಡಿದ್ದ. ಕೊಟ್ಟಿಗೆಯ ಗೂಟಕ್ಕೆ ಹಾಕು ಎಂದು ಅವ್ವನ ಕೈಗೆ ಕೊಟ್ಟಿದ್ದ. ಕೊಂಡವರು ಏನೂ ಕೇಳದೆ, ಅವನು ಬಿಚ್ಚುವ ತನಕ ನಿಂತು ಕಾದಿದ್ದರು.